ಮಿನೋರಿಯ ಜಾಗ

ಜಪಾನಿನಿಂದ
೧೭ ಮಾರ್ಚ್ ೨೦೨೫

ಅಪ್ಪನಿಗೆ, ಅವ್ವನಿಗೆ ಕೋಮಲ ಮಾಡುವ ನಮಸ್ಕಾರಗಳು.

ಕೈಯಲ್ಲಿ ಫೋನಿರುವಾಗ ಕಾಗದ ಯಾಕೆ ಬರೆದಳು ಎಂದು ಅಪ್ಪ ಕೇಳುತ್ತೀರಿ. ಫೋನ್ ಮಾಡಿದರೆ ನೀವು ಸ್ಪೀಕರ್ ಹಚ್ಚುತ್ತೀರಿ, ಅದಕ್ಕೇ. ಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ಬಂದು, "ಪೈಲ್ವಾನರ ಮಗಳ, ಎಷ್ಟ ಗೋಲ್ ಹೊಡದೆವಾ?" ಎನ್ನುತ್ತಾರೆ. ಅಷ್ಟು ಮಂದಿಯ ಮುಂದೆ ಖರೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾಗದವಾದರೆ ನೀವಿಬ್ಬರೇ ಓದುತ್ತೀರಿ.

ಖರೆ ಏನೆಂದರೆ, ನಿನ್ನೆ ನಮ್ಮ ಶಿಓಕಾಜೆ ತಂಡದ ಮೊದಲ ಪಂದ್ಯ ಮುಗಿಯಿತು, ನಾನು ಆಡಲಿಲ್ಲ. ಬೆಂಚಿನ ಮೇಲೆ ಕೂತಿದ್ದೆ. ಇದು ಇಲ್ಲಿಯ ಹೆಣ್ಣುಮಕ್ಕಳ ಫುಟ್‌ಬಾಲಿನ ಎರಡನೆಯ ದರ್ಜೆಯ ಲೀಗು. ಮೇಲಿನ ದರ್ಜೆಯವರಿಗೆ ಆಟವೇ ಕೆಲಸ. ನಾವು ಬೆಳಿಗ್ಗೆ ದುಡಿದು ಸಂಜೆ ಆಡುವವರು. ತಂಡದವರು ನನ್ನನ್ನು ಮೀನಿನ ಹಿಟ್ಟಿನಿಂದ ತಿನಿಸು ಮಾಡುವ ಕಾರ್ಖಾನೆಗೆ ಹಚ್ಚಿದ್ದಾರೆ. ನನ್ನದು ಪೊಟ್ಟಣಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ ಅಷ್ಟೇ, ಆದರೂ ಆಯಿಗೆ ಹೇಳಬೇಡಿರಿ. ಲಿಂಗ ಕಟ್ಟಿಕೊಂಡ ಮೊಮ್ಮಗಳು ಮೀನಿನ ವಾಸನೆಯಲ್ಲಿ ನಿಂತಿದ್ದಾಳೆಂದು ತಿಳಿದರೆ ಊಟ ಬಿಟ್ಟಾಳು.

ನಾನು ಆಡುವುದು ಎಡಗಡೆಯ ಬ್ಯಾಕ್. ಆ ಜಾಗದಲ್ಲಿ ಮಿನೋರಿ ಎಂಬವಳಿದ್ದಾಳೆ, ಆರು ವರ್ಷದಿಂದ ಅದು ಆಕೆಯದೇ ಜಾಗ. ನಾನು ಇಲ್ಲಿಗೆ ಬಂದ ದಿನ ಸ್ಟೇಷನ್ನಿನಲ್ಲಿ ಹೆಸರಿನ ಹಲಗೆ ಹಿಡಿದು ನಿಂತವಳೂ ಆಕೆಯೇ. ಈಗ ಇಬ್ಬರದೂ ಒಂದೇ ಕೋಣೆ. ಅಂಗಡಿಯಲ್ಲಿ ಪೊಟ್ಟಣದ ಹಿಂದಿನ ಅಕ್ಷರ ಓದಿ, "ಇದರಲ್ಲಿ ಮೀನಿದೆ ಕೋಮಾರು, ಬೇಡ. ಇದರಲ್ಲಿ ಇಲ್ಲ, ತೆಗೆದುಕೋ" ಎನ್ನುತ್ತಾಳೆ. ಇವರ ಬಾಯಲ್ಲಿ ಲಕಾರ ಹೊರಳುವುದಿಲ್ಲ, ನಾನು ಕೋಮಾರು ಆಗಿದ್ದೇನೆ.

ಅಪ್ಪಾ, ರಾಯಬಾಗದ ಬಸ್ ಸ್ಟ್ಯಾಂಡಿನ ಮುಂದೆ ಹಚ್ಚಿಸಿದ ಆ ಫ್ಲೆಕ್ಸ್ ಇನ್ನೂ ಇದೆಯೇ? "ಜಪಾನ ಗೆದ್ದ ನಮ್ಮ ಹುಲಿ" ಎಂದು ಬರೆಸಿದ್ದೀರಿ. ಇಲ್ಲಿ ನಾನಿನ್ನೂ ಬೂಟಿನ ದಾರ ಕಟ್ಟಿಕೊಂಡು ಕೂತಿದ್ದೇನೆ.

ನಿಮ್ಮ
ಕೋಮಲ


ಪಾಲಬಾವಿ
೫ ಏಪ್ರಿಲ್ ೨೦೨೫

ಚಿ. ಕೋಮಲವ್ವನಿಗೆ ಅಪ್ಪ ವಿರುಪಾಕ್ಷಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮುಟ್ಟಿತು. ದ್ರಾಕ್ಷಿ ಕೊಯ್ಲು ಮುಗಿದು ಹಣ್ಣೆಲ್ಲ ಮಣೂಕಕ್ಕೆಂದು ಶೆಡ್ಡಿನಲ್ಲಿ ಒಣಗುತ್ತಿದೆ. ಈ ಸಲ ಮಣೂಕ ಜೇನಿನ ಬಣ್ಣಕ್ಕೆ ಬಂದಿದೆ. ಕಬ್ಬೂ ಕಾರ್ಖಾನೆಗೆ ಹೋಯಿತು. ನಿನ್ನ ಆಯಿ ಆರಾಮ ಇದ್ದಾಳೆ, ಮೀನಿನ ವಿಷಯ ಯಾರೂ ಹೇಳಿಲ್ಲ.

ಬೆಂಚಿನ ಮೇಲೆ ಕೂತಿದ್ದೇನೆ ಎಂದು ಬರೆದಿದ್ದೀ. ಓದಿ ನನಗೆ ಅನ್ನ ಇಳಿಯಲಿಲ್ಲ. ನಿನ್ನನ್ನು ಎಂಟು ವರ್ಷದವಳಿದ್ದಾಗ ನಿಪ್ಪಾಣಿಯ ಶಾಲೆಗೆ ಹಾಕಿದ್ದು, ಆಮೇಲೆ ಫುಟ್‌ಬಾಲ್ ಕಲಿಯಲು ಕೊಲ್ಲಾಪುರಕ್ಕೆ ಕಳಿಸಿದ್ದು ಕೂತು ನೋಡಲಿ ಎಂದಲ್ಲ. ಮೊನ್ನೆ ಚಹಾದ ಅಂಗಡಿಯಲ್ಲಿ ಭೀಮಸಿ ಎಲ್ಲರ ಮುಂದೆ ನಗುತ್ತ ಕೇಳಿದ, "ಪೈಲ್ವಾನ್ರ, ಮಗಳ ಆಟ ಟೀವ್ಯಾಗ ಯಾವಾಗ ಬರತೈತ್ರಿ?" ನಾನು, "ಬರತೈತಿ ತಡಿಯೋ" ಎಂದು ಎದ್ದು ಬಂದೆ. ಚಹಾ ಅರ್ಧ ಉಳಿಯಿತು.

ನಾನು ಹದಿನೈದು ವರ್ಷ ಅಖಾಡದ ಮಣ್ಣು ತಿಂದವನು, ನನ್ನ ಮಾತು ಕೇಳು. ಜಾಗ ಯಾರೂ ಬಿಟ್ಟುಕೊಡುವುದಿಲ್ಲ, ಕಿತ್ತುಕೊಳ್ಳಬೇಕು. ಆ ಹುಡುಗಿ ಒಳ್ಳೆಯವಳೇ ಇರಲಿ. ಊಟಕ್ಕೆ ಕೂತಾಗ ಆಕೆ ನಿನಗೆ ಅಕ್ಕ, ಕಣಕ್ಕೆ ಇಳಿದಾಗ ಎದುರಾಳಿ. ಎದುರಾಳಿಯ ಮುಖ ನೋಡುವವನು ಬೆನ್ನಿಗೆ ಮಣ್ಣು ಹಚ್ಚಿಕೊಂಡು ಏಳುತ್ತಾನೆ. ನೀನು ಚೆಂಡು ಕಿತ್ತುಕೊಳ್ಳಲು ಕಾಲು ಹಾಕುವಾಗ ದಯೆ ತೋರಿಸುತ್ತೀ, ಅದು ನಿನ್ನ ಹಳೆಯ ಚಟ. ಅದನ್ನು ಬಿಡು. ಆಕೆ ನಿನ್ನ ದಾರಿಯಲ್ಲಿ ನಿಂತಿದ್ದರೆ ಆಕೆಯ ಮೇಲೆ ಹಾಯ್ದು ಹೋಗು.

ಇದನ್ನು ಬರೆಯಬೇಡಿರಿ ಎಂದು ನಿನ್ನ ಅವ್ವ ಹೇಳಿದಳು. ಹೆಂಗಸರಿಗೆ ಕುಸ್ತಿ ತಿಳಿಯುವುದಿಲ್ಲ.

ನಿನ್ನ ಹಿತ ಬಯಸುವ
ಅಪ್ಪ


ಜಪಾನಿನಿಂದ
೧೯ ಮೇ ೨೦೨೫

ಅಪ್ಪನಿಗೆ, ಅವ್ವನಿಗೆ ನಮಸ್ಕಾರ.

ನಾನು ಆಡುತ್ತಿದ್ದೇನೆ. ಮೂರು ಪಂದ್ಯ ಪೂರಾ ಆಡಿದೆ. ನಿನ್ನೆಯದನ್ನು ಗೆದ್ದೆವು. ಮುಗಿದ ಮೇಲೆ ಇಲ್ಲಿಯವರು ಸಾಲಾಗಿ ನಿಂತು ಪ್ರೇಕ್ಷಕರಿಗೆ ಬಾಗುತ್ತಾರೆ, ನಾನೂ ಬಾಗಿದೆ. ಒಬ್ಬ ಮುದುಕ ನನ್ನ ಹೆಸರು ಕೂಗಿದ.

ಅಭ್ಯಾಸ ಮಾಡುವಾಗ ಮಿನೋರಿಯ ಮೊಣಕಾಲಿಗೆ ಪೆಟ್ಟಾಯಿತು. ಒಳಗೆ ಲಿಗಮೆಂಟ್ ಹರಿದಿದೆಯಂತೆ. ಆಪರೇಷನ್ ಮಾಡಿದರು. ಈ ಋತುವಿನಲ್ಲಿ ಆಕೆ ಇನ್ನು ಆಡುವುದಿಲ್ಲ.

ಹೆಚ್ಚು ಬರೆಯಲು ಹೊತ್ತಿಲ್ಲ.

ಕೋಮಲ


ಪಾಲಬಾವಿ
೪ ಜೂನ್ ೨೦೨೫

ಚಿ. ಕೋಮಲವ್ವನಿಗೆ ಅಪ್ಪನ ಅನೇಕ ಆಶೀರ್ವಾದಗಳು.

ಕಾಗದ ಓದಿದವನೇ ಜೇಬಿನಲ್ಲಿಟ್ಟುಕೊಂಡು ಓಣಿ ತುಂಬ ತಿರುಗಿದೆ. ಹಿಡಕಲ್ಲಿನ ಮಾವನಿಗೂ ಫೋನಿನಲ್ಲಿ ಓದಿ ಹೇಳಿದೆ. ಸೋಮವಾರ ಹೋಳಿಗೆ ಮಾಡಿಸಿ ಓಣಿಯವರಿಗೆಲ್ಲ ಉಣಿಸಿದೆವು. ಬಸ್ ಸ್ಟ್ಯಾಂಡಿನ ಫ್ಲೆಕ್ಸ್ ಬಿಸಿಲಿಗೆ ಬಿಳಿಚಿತ್ತು, ಫ್ಲೆಕ್ಸ್ ಮಾಡುವ ಬಾಳಾಸಾಬನಿಗೆ ಹೇಳಿ ಅದಕ್ಕಿಂತ ದೊಡ್ಡದನ್ನು ಮಾಡಿಸಿ ಹಾಕಿಸಿದ್ದೇನೆ. ನೀನು ಕಾಲೆತ್ತಿ ಚೆಂಡು ಒದೆಯುವ ಫೋಟೋ. ಈಗ ಭೀಮಸಿ ತಾನೇ ಚಹಾ ಹೇಳುತ್ತಾನೆ.

ಇನ್ನೊಂದು ಸುದ್ದಿ. ಯುವಕ ಮಂಡಳದ ಉತ್ತಮ ಮನೆಗೆ ಬಂದಿದ್ದ. ನವೆಂಬರದಲ್ಲಿ ನೀನು ರಜೆಗೆ ಬಂದಾಗ ರಾಯಬಾಗದಲ್ಲಿ ದೊಡ್ಡ ಸತ್ಕಾರ ಮಾಡುತ್ತಾರಂತೆ. ತೆರೆದ ಜೀಪಿನಲ್ಲಿ ಮೆರವಣಿಗೆ, ಹಲಗೆ ಬಾರಿಸುವವರು, ತಲೆಗೆ ಫೇಟಾ, ಎಲ್ಲ. ನಾನು ಒಪ್ಪಿಕೊಂಡಿದ್ದೇನೆ.

ಆ ಹುಡುಗಿಗೆ ಆದದ್ದು ಆಯಿತು, ಅದು ಆಕೆಯ ನಸೀಬು. ನಿನ್ನ ನಸೀಬು ತೆರೆಯಿತು. ಈಗ ಜಾಗ ಗಟ್ಟಿ ಹಿಡಿ.

ಎದೆ ಉಬ್ಬಿದ
ಅಪ್ಪ

ಕೋಮಲಾ, ನಾ ನಿಮ್ಮವ್ವ ಎರಡ ಸಾಲ ಬರ್ಯಾಕತ್ತೇನಿ. ಆ ಹುಡಿಗಿಗೆ ಪೆಟ್ಟಾತು ಅಂತ ಬರದಿ. ಹ್ಯಾಂಗ ಆತು ಅಂತ ಬರದಿಲ್ಲ. ನೀ ಸಣ್ಣಾಕಿದ್ದಾಗಿಂದ ಎಲ್ಲಾ ಉದ್ದಕ ಹೇಳಾಕಿ. ಈ ಸಲ ಯಾಕ ಇಷ್ಟ ಗಿಡ್ಡ ಬರದಿ?


ಜಪಾನಿನಿಂದ
೨೯ ಜೂನ್ ೨೦೨೫

ಅಪ್ಪಾ, ಅವ್ವಾ,

ಅವ್ವ ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಪೆಟ್ಟಾದದ್ದು ನನ್ನಿಂದ.

ಆ ಸಂಜೆ ನಮ್ಮನಮ್ಮಲ್ಲೇ ಎರಡು ಪಕ್ಷ ಮಾಡಿ ಆಡಿಸುತ್ತಿದ್ದರು. ನಾನು ಮಿನೋರಿಯ ಎದುರು ಪಕ್ಷ. ಗೆರೆಯ ಹತ್ತಿರ ಬಂದ ಚೆಂಡಿಗೆ ಇಬ್ಬರೂ ಓಡಿದೆವು. ಆಕೆ ನನಗಿಂತ ಮೊದಲು ಮುಟ್ಟಿದಳು, ಚೆಂಡನ್ನು ಮುಂದೆ ತಳ್ಳಿಯೂ ಆಗಿತ್ತು. ಅದು ನನ್ನ ಕಣ್ಣಿಗೆ ಕಂಡಿತು. ನಾನು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ನೆಲಕ್ಕೆ ಜಾರಿ ಕಾಲು ಹಾಕಿದೆ. ಆಕೆಯ ಎಡಗಾಲು ನೆಲಕ್ಕೆ ಊರಿತ್ತು, ನನ್ನ ಬೂಟು ಅದಕ್ಕೆ ಬಡಿಯಿತು. ಸಪ್ಪಳವೂ ಕೇಳಿತು. ಅದು ಎಂಥದೆಂದು ಬರೆಯುವುದಿಲ್ಲ.

ಬೇಕೆಂದು ಕೆಡವಿದೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಕಾಲು ಮುರಿಯಲಿ ಎಂದು ನಾನು ಅಂದುಕೊಳ್ಳಲಿಲ್ಲ, ಅದು ಖರೆ. ಆದರೆ ಬೀಳಲಿ ಎಂದುಕೊಂಡಿದ್ದೆ. ಬಿದ್ದರೆ ಕೋಚ್ ನೋಡಲಿ, ನನಗೂ ಗಟ್ಟಿ ಆಡಲು ಬರುತ್ತದೆಂದು ತಿಳಿಯಲಿ ಎಂದುಕೊಂಡಿದ್ದೆ. ಆ ವಾರವೆಲ್ಲ ಅಪ್ಪ ಬರೆದ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅಪ್ಪಾ, ತಪ್ಪು ನಿಮ್ಮದು ಎಂದು ನಾನು ಹೇಳುತ್ತಿಲ್ಲ. ಕಾಲು ನನ್ನದು.

ಕೋಚ್ ಓಡಿ ಬಂದಾಗ ಮಿನೋರಿ ಹಲ್ಲು ಕಚ್ಚಿಕೊಂಡೇ, "ನಾನೇ ಕಾಲು ತಪ್ಪಿದೆ" ಎಂದಳು. ನಾನು ಪಕ್ಕದಲ್ಲೇ ಮೊಣಕಾಲೂರಿ ಕೂತಿದ್ದೆ. ಇಲ್ಲ ಎನ್ನಲಿಲ್ಲ. ಆಕೆಗೆ ನಿಜವಾಗಿ ಹಾಗೆ ಅನಿಸಿತ್ತೋ, ನನ್ನನ್ನು ಉಳಿಸಲು ಅಂದಳೋ ನನಗೆ ಗೊತ್ತಿಲ್ಲ. ಕೇಳಲು ಧೈರ್ಯವಿಲ್ಲ.

ಕಾರ್ಖಾನೆಯಿಂದ ಸೀದಾ ಆಸ್ಪತ್ರೆಗೆ ಹೋಗುತ್ತೇನೆ. ಆಕೆಯ ಬಟ್ಟೆ ತಂದು ಒಗೆದು ಕೊಡುತ್ತೇನೆ. ನರ್ಸುಗಳು ನನ್ನನ್ನು ಒಳ್ಳೆಯ ಗೆಳತಿ ಎನ್ನುತ್ತಾರೆ. ಮಿನೋರಿ ಹಾಸಿಗೆಯಲ್ಲಿ ಕೂತು ನನ್ನ ಆಟದ ವಿಡಿಯೋ ನೋಡಿ ತಪ್ಪು ತಿದ್ದುತ್ತಾಳೆ. "ಕೋಮಾರು, ಇಲ್ಲಿ ನೀನು ಬೇಗ ಹಿಂದೆ ಸರಿದೆ. ನೋಡು, ಇಲ್ಲಿ. ಸ್ವಲ್ಪ ತಡೆದು ಸರಿ." ಮುಂದಿನ ಪಂದ್ಯದಲ್ಲಿ ಆಕೆ ಹೇಳಿದ ಹಾಗೇ ಮಾಡುತ್ತೇನೆ, ಅದು ಸರಿಯಾಗಿಯೇ ಇರುತ್ತದೆ. ಚಪ್ಪಾಳೆ ನನಗೆ ಬರುತ್ತದೆ.

ಆಕೆಯ ಅವ್ವ ಒಮ್ಮೆ ಬಂದಿದ್ದರು. ಎರಡು ಗಾಡಿ ಬದಲಾಯಿಸಿ ಬರುವಷ್ಟು ದೂರದ ಊರು, ಸಮುದ್ರದ ಮೇಲಿನ ಗುಡ್ಡದಲ್ಲಿ ಕಿತ್ತಳೆ ತೋಟ. ಋತು ಮುಗಿದ ಮೇಲೆ ಪ್ರತಿ ವರ್ಷ ಮಿನೋರಿಯೇ ಹೋಗಿ ಹಣ್ಣು ಕೊಯ್ದು ಕೊಡುತ್ತಿದ್ದಳಂತೆ. ಈ ವರ್ಷ ಆಕೆ ಗುಡ್ಡ ಹತ್ತುವ ಹಾಗಿಲ್ಲ. ಅವರು ನನ್ನ ಎರಡೂ ಕೈ ಹಿಡಿದು, "ಮಗಳನ್ನು ನೋಡಿಕೊಳ್ಳುತ್ತಿದ್ದೀಯಂತೆ" ಎಂದು ತಲೆ ಬಾಗಿದರು.

ಅಪ್ಪಾ, ಆ ದೊಡ್ಡ ಫ್ಲೆಕ್ಸನ್ನು ತೆಗೆಸಿರಿ.

ಕೋಮಲ


ಜಪಾನಿನಿಂದ
೩ ಆಗಸ್ಟ್ ೨೦೨೫

ಅಪ್ಪಾ,

ನಿಮ್ಮ ಕಾಗದ ಬಂದಿಲ್ಲ. ಮೊನ್ನೆ ಫೋನಿನಲ್ಲಿ ನೀವು ಕೃಷ್ಣೆಗೆ ನೀರು ಬಂದದ್ದು ಹೇಳಿದಿರಿ, ಕುಡಚಿಯ ಸೇತುವೆ ಮುಳುಗುವ ಹಾಗಿದೆ ಎಂದಿರಿ, ಎಮ್ಮೆ ಕರು ಹಾಕಿದ್ದು ಹೇಳಿದಿರಿ. ಹಿಂದೆ ಯಾರ ಸಪ್ಪಳವೂ ಇರಲಿಲ್ಲ. ಸ್ಪೀಕರ್ ಹಚ್ಚಿರಲಿಲ್ಲ ಎಂದು ಗೊತ್ತಾಯಿತು. ಆದರೂ ಆ ಮಾತು ನೀವೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ನಾವು ಸೋಲುತ್ತಿದ್ದೇವೆ. ಕೊನೆಯ ಸ್ಥಾನಕ್ಕೆ ಬಿದ್ದ ತಂಡ ಕೆಳಗಿನ ದರ್ಜೆಗೆ ಇಳಿಯಬೇಕು. ನಮ್ಮ ಕೆಳಗೆ ಒಂದೇ ತಂಡವಿದೆ. ಎಡಗಡೆ ಮಿನೋರಿ ಇದ್ದಿದ್ದರೆ ನಮ್ಮ ಮೇಲೆ ಇಷ್ಟು ಗೋಲು ಬರುತ್ತಿರಲಿಲ್ಲ ಎಂದು ಯಾರೂ ಅನ್ನುವುದಿಲ್ಲ. ಅನ್ನದಿದ್ದರೂ ನನಗೆ ಕೇಳಿಸುತ್ತದೆ.

ಸಿಟ್ಟಾಗಿದ್ದರೆ ಸಿಟ್ಟಿನಲ್ಲೇ ಬರೆಯಿರಿ.

ಕೋಮಲ


ಪಾಲಬಾವಿ
೧೭ ಆಗಸ್ಟ್ ೨೦೨೫

ಮಗಳಿಗೆ ಅಪ್ಪನ ಆಶೀರ್ವಾದ.

ನಿನ್ನ ಮೇಲೆ ಸಿಟ್ಟಿಲ್ಲ. ಬರೆಯಲು ಕೂತೆ, ಹರಿದು ಹಾಕಿದೆ, ಮತ್ತೆ ಕೂತೆ. ಒಂದು ಕಾಗದದಲ್ಲಿ ನಿನಗೆ ಸಮಾಧಾನ ಬರೆದಿದ್ದೆ. ಆಟವೆಂದ ಮೇಲೆ ಪೆಟ್ಟು ಆಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು. ನಿನ್ನ ಅವ್ವ ಓದಿ, "ಇದನ್ನ ಯಾರ ಸಲವಾಗಿ ಬರದೀರಿ? ಆಕೀ ಸಲವಾಗೋ, ನಿಮ್ಮ ಸಲವಾಗೋ?" ಎಂದಳು. ಅದನ್ನೂ ಹರಿದೆ.

ಏಪ್ರಿಲಿನಲ್ಲಿ ನಾನು ಏನು ಬರೆದೆನೆಂದು ನನಗೆ ಅಕ್ಷರ ಅಕ್ಷರ ನೆನಪಿದೆ. ಆಕೆಯ ಮೇಲೆ ಹಾಯ್ದು ಹೋಗು ಎಂದಿದ್ದೆ. ಭೀಮಸಿ ಚಹಾದ ಅಂಗಡಿಯಲ್ಲಿ ನಕ್ಕನಲ್ಲ, ಆ ಸಿಟ್ಟನ್ನು ನಿನ್ನ ಕಾಗದದಲ್ಲಿ ತುಂಬಿ ಕಳಿಸಿದೆ. ಇಷ್ಟು ವರ್ಷ ನನ್ನ ದೊಡ್ಡ ಮಾತುಗಳೆಲ್ಲ ಕಟ್ಟೆಯ ಮೇಲೇ ಬಿದ್ದು ಗಾಳಿಗೆ ಹೋಗುತ್ತಿದ್ದವು. ಇದೊಂದು ಸಮುದ್ರ ದಾಟಿ ಹೋಗಿ ಯಾರದೋ ಮಗಳ ಮೊಣಕಾಲಿಗೆ ಬಡಿಯಿತು. ಕಾಲು ನನ್ನದು ಎಂದು ನೀನು ಬರೆದೆ. ಇರಲಿ ಮಗಳ, ಆದರೆ ಮಾತು ನನ್ನದು. ಆಮೇಲೆ ಹೋಳಿಗೆ ಮಾಡಿಸಿ ಉಣಿಸಿದವನೂ ನಾನೇ. ಯಾರ ಕಾಲಿಗೆ ಪೆಟ್ಟಾದದ್ದಕ್ಕೆ ಉಣ್ಣುತ್ತಿದ್ದೇವೆಂದು ಉಂಡವರಿಗೆ ಗೊತ್ತಿರಲಿಲ್ಲ. ಪೆಟ್ಟು ನಿನ್ನಿಂದ ಆದದ್ದೆಂದು ನನಗೂ ಗೊತ್ತಿರಲಿಲ್ಲ. ಕೇಳಿಕೊಳ್ಳುವ ಮನಸ್ಸೂ ಇರಲಿಲ್ಲ.

ಫ್ಲೆಕ್ಸ್ ತೆಗೆಸಿದೆ. ಬಾಳಾಸಾಬ ಏಣಿ ಹತ್ತಿ ಹಗ್ಗ ಬಿಚ್ಚುತ್ತ ಕೇಳಿದ, "ಯಾಕ್ರಿ ಪೈಲ್ವಾನ್ರ, ಇನ್ನೂ ಹೊಸಾದ್ ಐತಲ್ರಿ. ಹುಡಿಗಿಗೆ ಏನರ ಆಗೇತೇನು?"

"ಏನೂ ಆಗಿಲ್ಲಪಾ. ಆಕಿಗೆ ಏನೂ ಆಗಿಲ್ಲ."

"ಮತ್ತ ಯಾಕ ತಗಸಾಕತ್ತೀರಿ?"

ಗಾಳಿ ಬಹಳ ಇದೆ, ಹರಿದೀತು ಎಂದೆ. ಅದೂ ಒಂದು ಸುಳ್ಳಾಯಿತು. ಸತ್ಕಾರದ ಮಾತನ್ನು ಇನ್ನೂ ಉತ್ತಮನ ಮುಂದೆ ಆಡಿಲ್ಲ, ನಾಲಿಗೆ ಏಳುತ್ತಿಲ್ಲ. ಇದನ್ನೂ ನಿನಗೆ ಬರೆಯಬೇಕು ಎನಿಸಿತು, ಬರೆದಿದ್ದೇನೆ.

ನಿನ್ನ
ಅಪ್ಪ

ಕೋಮಲಾ, ಅವ್ವನ ಮಾತು. ಅಪ್ಪನ ಉಣ್ಣೂದ ಕಡಿಮಿ ಆಗೇತಿ, ಅದನ್ನ ನಾ ನೋಡಕೋತೇನಿ. ನೀ ದಿನಾ ಆಕೀ ಅರಬಿ ಒಗದರ ಆಕಿಗೆ ಹೇಳಿದಂಗ ಆಗೂದಿಲ್ಲ. ಬಾಯಿ ಬಿಟ್ಟ ಹೇಳು. ಮೊದಲ ಮಗಳ ಮುಂದ ಹೇಳು, ಆಮ್ಯಾಲೆ ತಾಯಿ ಮುಂದ ಹೋಗಿ ನಿಂದರು. ಹಡದಾಕಿಗೂ ಪೆಟ್ಟ ಬಿದ್ದಿರತೈತಿ. ಬರೇ ಕೈಲೆ ಹೋಗಬ್ಯಾಡ, ದುಡಿಯೂ ಕೈ ತಗೊಂಡ ಹೋಗು. ನಿನಗ ತ್ವಾಟದ ಕೆಲಸ ಬರತೈತಿ.


ಜಪಾನಿನಿಂದ
೧೪ ಅಕ್ಟೋಬರ್ ೨೦೨೫

ಅಪ್ಪನಿಗೆ, ಅವ್ವನಿಗೆ ನಮಸ್ಕಾರಗಳು.

ಅವ್ವನ ಸಾಲುಗಳನ್ನು ಓದಿ ಎರಡು ತಿಂಗಳಾಗುತ್ತ ಬಂತು. ನಾಳೆ ಹೇಳುತ್ತೇನೆ, ಈ ಪಂದ್ಯ ಮುಗಿಯಲಿ, ಆಕೆ ಆಸ್ಪತ್ರೆಯಿಂದ ಕೋಣೆಗೆ ಬರಲಿ, ಬಂದ ಮೇಲೆ ನೋವು ಕಡಿಮೆಯಾಗಲಿ ಎಂದು ದಿನ ದೂಡಿದೆ. ಮೊನ್ನೆ ಭಾನುವಾರ ಋತುವಿನ ಕೊನೆಯ ಪಂದ್ಯವಿತ್ತು. ಸೋತರೆ ಕೆಳಗೆ ಇಳಿಯಬೇಕು, ಸಮ ಮಾಡಿಕೊಂಡರೆ ಸಾಕು. ಮಿನೋರಿ ಊರುಗೋಲು ಬಿಟ್ಟು ಮೊದಲ ಸಲ ಮೈದಾನಕ್ಕೆ ಬಂದಿದ್ದಳು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕೆಳಗಿನ ಸಾಲಿನಲ್ಲಿ ಕೂತಿದ್ದಳು.

ಒಂದೊಂದು ಗೋಲಿಗೆ ಸಮವಾಯಿತು. ಕೊನೆಯ ಹೊತ್ತಿನಲ್ಲಿ ಅವರ ಹುಡುಗಿಯೊಬ್ಬಳು ನನ್ನ ಕಡೆಯಿಂದ ನುಗ್ಗಿ ಬಂದಳು. ಕಾಲು ಹಾಕಿದ್ದರೆ ನಿಲ್ಲಿಸಬಹುದಿತ್ತು. ನನಗೆ ಹಾಕಲು ಆಗಲಿಲ್ಲ. ಮಿನೋರಿಗೆ ಪೆಟ್ಟಾದ ಸಂಜೆಯಿಂದ ನಾನು ಒಮ್ಮೆಯೂ ನೆಲಕ್ಕೆ ಜಾರಿ ಕಾಲು ಹಾಕಿಲ್ಲ. ಆಕೆ ನನ್ನನ್ನು ದಾಟಿ ಹೊಡೆದಳು. ನಮ್ಮ ಗೋಲ್‌ಕೀಪರ್ ಬೆರಳ ತುದಿಯಿಂದ ಚೆಂಡನ್ನು ಹೊರಗೆ ತಳ್ಳಿದಳು. ಉಳಿದೆವು. ಎಲ್ಲರೂ ಕುಣಿದರು, ನನ್ನನ್ನೂ ಎಳೆದುಕೊಂಡರು.

ಬಟ್ಟೆ ಬದಲಿಸುವ ಕೋಣೆಯಿಂದ ಎಲ್ಲರೂ ಹೋದ ಮೇಲೆ ಮಿನೋರಿ ಒಳಗೆ ಬಂದಳು. "ಆ ಹುಡುಗಿಗೆ ಯಾಕೆ ಕಾಲು ಹಾಕಲಿಲ್ಲ? ಎಂಥ ಹೆದರಿಕೆ ನಿನಗೆ?" ಎಂದು ಕೇಳಿದಳು.

ಆಗ ಹೇಳಿದೆ. ನನಗೆ ಬರುವ ಜಪಾನಿ ಭಾಷೆ ಅಂಗಡಿಗೆ, ಆಟಕ್ಕೆ ಸಾಲುವಷ್ಟು. ಅದರಲ್ಲೇ ಹೇಳಿದೆ. ಚೆಂಡು ಹೋಗಿತ್ತು. ನಾನು ನೋಡಿದೆ. ನಿಲ್ಲಲಿಲ್ಲ. ನಿನ್ನ ಜಾಗ ಬೇಕಾಗಿತ್ತು. ಸಣ್ಣ ಸಣ್ಣ ವಾಕ್ಯಗಳು, ಅಡಗಿಕೊಳ್ಳಲು ಅವುಗಳಲ್ಲಿ ಎಡೆಯೇ ಇರಲಿಲ್ಲ.

ಆಕೆ ಪೂರಾ ಕೇಳಿಸಿಕೊಂಡಳು. ಚೀಲ ಹೆಗಲಿಗೆ ಏರಿಸಿಕೊಂಡು ಗೋಡೆ ಹಿಡಿದುಕೊಂಡು ಹೊರಗೆ ನಡೆದಳು. ನಾನು ನಮ್ಮ ಕೋಣೆಗೆ ಹೋದಾಗ ಆಕೆಯ ಹಾಸಿಗೆ ಮಡಚಿ ಇಟ್ಟಿತ್ತು. ಊರಿಗೆ ಹೋದಳೆಂದು ಉಳಿದವರು ಹೇಳಿದರು.

ನಿನ್ನೆ ಕೋಚಿಗೂ ಹೇಳಿದೆ. ಅವರು, "ಆ ದಿನವೇ ಹೇಳಬೇಕಾಗಿತ್ತು. ಈಗ ನಾನು ಕೊಡುವ ಶಿಕ್ಷೆ ಯಾವುದೂ ಆ ಕಾಲಿಗೆ ಉಪಯೋಗವಿಲ್ಲ" ಎಂದರು. ಮುಂದಿನ ವರ್ಷಕ್ಕೆ ನನ್ನನ್ನು ಇಟ್ಟುಕೊಳ್ಳುವುದು ಮೊದಲೇ ನಿಶ್ಚಯವಾಗಿತ್ತಂತೆ, ಅದನ್ನು ಬದಲಿಸುವುದಿಲ್ಲವಂತೆ. ನನಗೆ ಬಯ್ಗುಳ ಬೇಕಾಗಿತ್ತು, ಅದು ಸಿಗಲಿಲ್ಲ. ಮಿನೋರಿಯ ಊರಿನ ವಿಳಾಸ ಕೇಳಿ ಪಡೆದೆ, ಕಾಗದದ ಹಿಂದೆ ಬರೆದಿದ್ದೇನೆ.

ಅಪ್ಪಾ, ನಾನು ನವೆಂಬರದಲ್ಲಿ ಬರುವುದಿಲ್ಲ. ಕಿತ್ತಳೆ ಕೊಯ್ಲು ಆಗಲೇ ಇರುತ್ತದೆ, ಅಲ್ಲಿಗೆ ಹೋಗುತ್ತೇನೆ. ಒಳಗೆ ಕರೆಯುತ್ತಾರೋ ಇಲ್ಲವೋ ತಿಳಿಯದು. ಸತ್ಕಾರದವರಿಗೆ ನೀವು ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು. ಕಾಯಿಲೆ ಎಂದು ಮಾತ್ರ ಹೇಳಬೇಡಿರಿ.

ಕೋಮಲ


ಪಾಲಬಾವಿ
೧೦ ನವೆಂಬರ್ ೨೦೨೫

ಚಿ. ಕೋಮಲವ್ವನಿಗೆ ಅಪ್ಪನ ಆಶೀರ್ವಾದಗಳು.

ದ್ರಾಕ್ಷಿಯ ಬಳ್ಳಿ ಸವರುವ ಚಾಟಣಿ ಮುಗಿದಿದೆ, ಹೊಸ ಚಿಗುರಿಗೆ ಔಷಧಿ ಹೊಡೆಯುತ್ತಿದ್ದೇವೆ. ಈ ಕಾಗದ ನೀನು ಕೊಟ್ಟ ಆ ಊರಿನ ವಿಳಾಸಕ್ಕೇ ಹಾಕುತ್ತೇನೆ. ನೀನು ಅಲ್ಲಿ ಇರದಿದ್ದರೆ ತಿರುಗಿ ಬರುತ್ತದೆ.

ಉತ್ತಮನ ಹತ್ತಿರ ಹೋಗಿದ್ದೆ. ಚಹಾದ ಅಂಗಡಿಯಲ್ಲಿದ್ದ, ಜೊತೆಗೆ ಮಂಡಳದವರೆಲ್ಲ ಇದ್ದರು, ಭೀಮಸಿಯೂ ಇದ್ದ. ಒಬ್ಬನನ್ನೇ ಕರೆದು ಹೇಳಬೇಕೆಂದು ಹೋಗಿದ್ದೆ. ಅವರನ್ನು ನೋಡಿದ ಮೇಲೆ, ದೊಡ್ಡ ಮಾತು ಆಡಿದ್ದೂ ಇವರ ಮುಂದೆಯೇ, ಇದನ್ನೂ ಇಲ್ಲಿಯೇ ಆಡಬೇಕು ಎನಿಸಿತು.

"ಉತ್ತಮಾ, ಸತ್ಕಾರ ಬ್ಯಾಡ. ಮಗಳು ಬರಂಗಿಲ್ಲ" ಎಂದೆ.

"ಯಾಕ್ರಿ ಕಾಕಾ? ಜೀಪಿನವಗ ಹೇಳೇವಿ, ಹಲಗಿಯವರಿಗೂ ಹೇಳೇವಿ."

"ಆಕಿ ಕಿತ್ತಳಿ ಕೊಯ್ಯಾಕ ಹೊಂಟಾಳ."

ಎಲ್ಲರೂ ನಕ್ಕರು. ಭೀಮಸಿ, "ಜಪಾನಕ್ಕ ಹೋಗಿ ಕೂಲಿ ಮಾಡಾಕತ್ತಾಳೇನ್ರಿ ಹುಲಿ?" ಎಂದ. ಮೊದಲಿನ ನಾನಾಗಿದ್ದರೆ ಅವನ ಅಂಗಿಗೆ ಕೈ ಹಾಕುತ್ತಿದ್ದೆ.

"ಹೌದೋ, ಕೂಲಿನ. ನನ್ನ ಮಗಳಿಂದ ಒಬ್ಬರ ಮಗಳ ಕಾಲು ಹೋಗೇತಿ. ಆ ಜಾಗಾದಾಗ ಈಕಿ ಆಡಿದ್ಲು. ನಾ ಹೋಳಿಗಿ ಹಂಚಿದ್ನಲ್ಲಾ, ಅದು ಆ ಜಾಗಾದ ಹೋಳಿಗಿ. ಹಾಯ್ದ ಹೋಗು ಅಂತ ಕಾಗದಾ ಬರದಾವನೂ ನಾನ. ಅದಕ್ಕ ಆ ಹುಡಿಗಿ ಅವ್ವನ ತ್ವಾಟದಾಗ ದುಡ್ಯಾಕ ಹೊಂಟಾಳ."

ಉತ್ತಮ ನನ್ನ ಜೊತೆ ಎದ್ದು ಬೀದಿಯವರೆಗೆ ಬಂದು ಮೆಲ್ಲಗೆ, "ಕಾಕಾ, ಇದನ್ನ ಎಲ್ಲಾರ ಮುಂದ ಹೇಳಬೇಕಿತ್ತೇನ್ರಿ? ಜ್ವರಾ ಬಂದಾವು ಅಂದಿದ್ರ ನಡೀತಿತ್ತು" ಎಂದ. ನಡೆಯುತ್ತಿತ್ತು, ನನಗೂ ಗೊತ್ತು.

ಈಗ ನಾನು ಹಾದು ಹೋಗುವಾಗ ಚಹಾದ ಅಂಗಡಿಯವರು ಮಾತು ನಿಲ್ಲಿಸುತ್ತಾರೆ. ಹೊರಗೆ ಹೋಗುವುದು ಕಡಿಮೆ ಮಾಡಿದ್ದೇನೆ, ತೋಟದಲ್ಲೇ ಇರುತ್ತೇನೆ. ನಿನ್ನ ಅವ್ವ ಈ ಸಲ ಏನೂ ಬರೆಯುವುದಿಲ್ಲವಂತೆ. ನಿನ್ನ ಕಾಗದವನ್ನು ಮಾತ್ರ ದೇವರ ಜಗುಲಿಯ ಮೇಲೆ ಇಟ್ಟಿದ್ದಾಳೆ.

ಆ ತಾಯಿಗೆ ನನ್ನ ನಮಸ್ಕಾರ ಹೇಳು. ಹೇಳಬಹುದು ಎಂದು ನಿನಗೆ ಅನಿಸಿದರೆ ಮಾತ್ರ.

ನಿನ್ನ
ಅಪ್ಪ


ಜಪಾನಿನಿಂದ
೨೮ ಡಿಸೆಂಬರ್ ೨೦೨೫

ಅಪ್ಪಾ, ಅವ್ವಾ,

ಕೊಯ್ಲು ಮುಗಿಯಿತು. ನಿನ್ನೆ ಕಾರ್ಖಾನೆಯ ಊರಿಗೆ ತಿರುಗಿ ಬಂದೆ. ಈ ಸಲ ಉದ್ದಕ್ಕೆ ಬರೆಯುತ್ತೇನೆ.

ನಾನು ಹೋದ ದಿನ ಮಿನೋರಿಯ ಅವ್ವ ಅಂಗಳದಲ್ಲಿ ಪೆಟ್ಟಿಗೆ ತೊಳೆಯುತ್ತಿದ್ದರು. ನಾನು ಹೆಸರು ಹೇಳುವ ಮೊದಲೇ, "ಎಲ್ಲ ಹೇಳಿದ್ದಾಳೆ" ಎಂದರು. ಮೊದಲಿನ ಹಾಗೆ ಕೈ ಹಿಡಿಯಲಿಲ್ಲ. ನಾನು ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳಿದೆ. ಅವರು ತೊಳೆಯುವುದನ್ನು ನಿಲ್ಲಿಸದೆ ಹೇಳಿದರು, "ಕ್ಷಮಿಸುವುದು ಬಿಡುವುದು ಮಗಳದು, ಅದಕ್ಕೆ ನಾನು ಕೈ ಹಾಕುವುದಿಲ್ಲ. ಹಣ್ಣು ನನ್ನದು. ಕೊಯ್ಯಲು ಬಂದಿದ್ದರೆ ಕೊಯ್ಯಿ." ಮತ್ತೆ ಒಳಗೆ ಹೋಗಿ ಕತ್ತರಿ ತಂದು ಕೊಟ್ಟರು.

ಅವ್ವಾ, ನಮ್ಮ ದ್ರಾಕ್ಷಿ ಕತ್ತರಿಗಿಂತ ಸಣ್ಣದು. ಒಮ್ಮೆ ಕತ್ತರಿಸಿ ಹಣ್ಣು ಬಿಡಿಸಬೇಕು, ಮತ್ತೊಮ್ಮೆ ತೊಟ್ಟನ್ನು ಸಿಪ್ಪೆಯ ಮಟ್ಟಕ್ಕೆ ಕತ್ತರಿಸಬೇಕು. ಇಲ್ಲದಿದ್ದರೆ ಆ ತೊಟ್ಟು ಪೆಟ್ಟಿಗೆಯಲ್ಲಿ ಪಕ್ಕದ ಹಣ್ಣಿಗೆ ಚುಚ್ಚಿ ಅದು ಕೊಳೆಯುತ್ತದೆ. ಮೊದಲ ದಿನ ನಾನು ಕೊಯ್ದ ಪೆಟ್ಟಿಗೆಯನ್ನು ಅವರು ಸುರಿದು ಒಂದೊಂದನ್ನೇ ನೋಡಿ, ತೊಟ್ಟು ಉಳಿದವನ್ನು ನನ್ನ ಮುಂದೆ ಇಟ್ಟರು. ಆಮೇಲೆ ಒಂದೂ ಬಿಡಲಿಲ್ಲ. ಗುಡ್ಡ ನೆಟ್ಟಗಿದೆ, ಕಲ್ಲಿನ ಒಡ್ಡು ಕಟ್ಟಿ ಗಿಡ ಹಚ್ಚಿದ್ದಾರೆ. ಬಗ್ಗಿ ಕೊಯ್ಯುವಾಗ ಎಲೆಗಳ ನಡುವೆ ಕೆಳಗೆ ಸಮುದ್ರ ಕಾಣುತ್ತದೆ. ನನ್ನ ಕಾಲುಗಳು ಸಲೀಸಾಗಿ ಹತ್ತುತ್ತಿದ್ದವು, ಇಳಿಯುತ್ತಿದ್ದವು. ಅದೇ ನನಗೆ ನಾಚಿಕೆಯಾಗುತ್ತಿತ್ತು.

ಮಿನೋರಿ ಕೆಳಗೆ ಶೆಡ್ಡಿನಲ್ಲಿ ಕೂತು ಸಣ್ಣದು ದೊಡ್ಡದು ಬೇರೆ ಮಾಡುತ್ತಿದ್ದಳು. ನಾನು ಪೆಟ್ಟಿಗೆ ಇಳಿಸಿದರೆ ತೆಗೆದುಕೊಳ್ಳುತ್ತಿದ್ದಳು, ಮುಖ ಎತ್ತುತ್ತಿರಲಿಲ್ಲ. ಊಟಕ್ಕೆ ಮೂವರೂ ಒಂದೇ ಮೇಜಿಗೆ ಕೂರುತ್ತಿದ್ದೆವು. ಅವಳ ಅವ್ವ ನನಗಾಗಿ ಮೀನಿಲ್ಲದ ಸಾರು ಬೇರೆ ಮಾಡಿ ಇಡುತ್ತಿದ್ದರು. ಯಾರು ಹೇಳಿದ್ದರೆಂದು ನಾನು ಕೇಳಲಿಲ್ಲ. ಅಪ್ಪನ ಕಾಗದ ಬಂದ ದಿನ, ಏನು ಬರೆದಿದ್ದಾರೆ ಎಂದು ಅವರು ಕೇಳಿದರು. ಚಹಾದ ಅಂಗಡಿಯದನ್ನು ಪೂರಾ ಓದಿ ಹೇಳಿದೆ, ನಮಸ್ಕಾರವನ್ನೂ ಹೇಳಿದೆ. ಅವರು ಮಗಳ ಕಡೆ ನೋಡಿದರು. ಮಿನೋರಿ ಬಟ್ಟಲು ತೆಗೆದುಕೊಂಡು ಎದ್ದು ಹೋದಳು.

ಮರುದಿನ ಶೆಡ್ಡಿನಲ್ಲಿ ಪೆಟ್ಟಿಗೆ ಇಳಿಸಿ ತಿರುಗಿದಾಗ, "ಕೋಮಾರು" ಎಂದು ಕರೆದಳು. ಎಷ್ಟೋ ದಿನಗಳ ಮೇಲೆ ಕರೆದದ್ದು.

"ಆ ದಿನ ನನಗೂ ಕಂಡಿತ್ತು. ನೀನು ನಿಲ್ಲುವುದಿಲ್ಲ ಎಂದು ಗೊತ್ತಾಗಿತ್ತು. ನಾನೇ ಬಿದ್ದೆ ಎಂದು ಕೋಚಿಗೆ ಹೇಳಿದ್ದು ನಿನಗೊಂದು ದಿನ ಸಿಗಲಿ ಎಂದು. ಮರುದಿನ ನೀನೇ ಬಂದು ಹೇಳುತ್ತೀ ಎಂದುಕೊಂಡಿದ್ದೆ. ನೀನು ದಿನಾ ಬಂದೆ. ಬಟ್ಟೆ ಒಯ್ದೆ, ಬಟ್ಟೆ ತಂದೆ. ನಾನು ದಿನಾ ಬಾಗಿಲು ನೋಡುತ್ತಿದ್ದೆ, ಇವತ್ತು ಹೇಳುತ್ತಾಳೆ ಎಂದು. ಕಾಲಿನದು ಆಟದ ಪೆಟ್ಟು, ತಡೆದುಕೊಳ್ಳಬಹುದು. ಇದು ಅದಕ್ಕಿಂತ ಹೆಚ್ಚು ನೋಯಿಸಿತು."

ಇಷ್ಟು ದಿನ ನಾನು ಒಂದು ತಪ್ಪಿಗೆ ಅಳುತ್ತಿದ್ದೆ, ಆಕೆ ಬೇರೊಂದಕ್ಕೆ ನೊಂದಿದ್ದಳು. ಅದು ಒಂದು ಸಂಜೆಯದಲ್ಲ, ಐದು ತಿಂಗಳದ್ದು.

"ಕ್ಷಮಿಸಿದೆ ಎಂದು ಹೇಳಲು ನನಗೆ ಈಗ ಆಗುವುದಿಲ್ಲ" ಎಂದಳು. ನಾನು ಬೇಡ ಎಂದೆ. ಮತ್ತೆ ಗುಡ್ಡ ಹತ್ತಿದೆ.

ಹೊರಡುವ ದಿನ ಅವಳ ಅವ್ವ ನಿಮಗೆಂದು ಒಣಗಿಸಿದ ಕಿತ್ತಳೆ ಸಿಪ್ಪೆಯ ಚಹಾಪುಡಿ ಕಟ್ಟಿಕೊಟ್ಟರು, ಇದರ ಜೊತೆ ಕಳಿಸುತ್ತಿದ್ದೇನೆ. ಮಿನೋರಿಯೇ ಸಣ್ಣ ಗಾಡಿ ನಡೆಸಿಕೊಂಡು ಸ್ಟೇಷನ್ನಿಗೆ ಬಿಟ್ಟಳು. ಬರುವ ಬೇಸಿಗೆಗೆ ಓಡಬಹುದೆಂದು ಡಾಕ್ಟರು ಹೇಳಿದ್ದಾರಂತೆ, ಆಡುವ ಮಾತು ಇನ್ನೂ ಹೇಳಿಲ್ಲವಂತೆ. ನಾನು ಇಳಿದು ಬಾಗಿಲು ಹಾಕುವಾಗ ಕೇಳಿದಳು, "ಮಾರ್ಚಿನಲ್ಲಿ ಮೊದಲ ಪಂದ್ಯ ನಮ್ಮ ಮೈದಾನದಲ್ಲೇ ತಾನೇ?"

ಹೌದು ಎಂದೆ.

"ನೋಡಲು ಬರುತ್ತೇನೆ. ಕಾಲು ಹಾಕಬೇಕಾದಲ್ಲಿ ಹಾಕು. ಚೆಂಡಿಗೆ ಹಾಕು. ಹೆದರಿ ನಿಂತೆಯೋ, ಅರ್ಧಕ್ಕೇ ಎದ್ದು ಹೋಗುತ್ತೇನೆ."

ಗಾಡಿ ತಿರುಗಿಸಿಕೊಂಡು ಹೋದಳು.

ಅಪ್ಪಾ, ಮುಂದಿನ ವರ್ಷದ ಕರಾರಿನ ಕಾಗದಕ್ಕೆ ಇವತ್ತು ಸಹಿ ಹಾಕಿದೆ. ಆಕೆ ಬಂದು ನನ್ನನ್ನು ನೋಡುತ್ತ ಕೂರುತ್ತಾಳೆಂದು ನೆನೆಸಿದರೆ ಹೆದರಿಕೆಯಾಗುತ್ತದೆ. ಆದರೂ ಬರಲಿ.

ನೀವು ಚಹಾದ ಅಂಗಡಿಗೆ ಹೋಗಿ ಬರುತ್ತಿರಿ. ಸುಮ್ಮನೆ ಕೂತು ಬಂದರೂ ಸರಿ.

ನಿಮ್ಮಿಬ್ಬರ
ಕೋಮಲ